ಕೊಟ್ಟಿಗೆಯಲ್ಲಿದ್ದ ಕಾರು

೨೭ ಅಕ್ಟೋಬರ್ ೧೯೪೫, ಶನಿವಾರ. ಮಳವಳ್ಳಿ

ನರಸಿಂಹ ಬದುಕಿದ್ದಾನೆ.

ಬೆಳಿಗ್ಗೆ ಪಾಠ ಹೇಳಲು ಶಾಲೆಗೆ ಹೊರಟಿದ್ದೆ. ಟಪಾಲಿನವನು ಕಾಗದ ಕೊಟ್ಟ. ವಿಳಾಸದ ಅಕ್ಷರ ನೋಡಿದವನೇ ಜಗಲಿಯ ಮೇಲೆ ಕುಳಿತುಬಿಟ್ಟೆ. ಸಿಂಗಪುರ ಬಿದ್ದ ಮೇಲೆ ಮೂರು ವರ್ಷ ಎಂಟು ತಿಂಗಳು ಸುದ್ದಿಯೇ ಇಲ್ಲದ ತಮ್ಮನ ಅಕ್ಷರ. ಇಷ್ಟು ದಿನವೂ ಜಪಾನಿಯರ ಸೆರೆಯಲ್ಲಿದ್ದನಂತೆ. ಈಗ ಬೆಂಗಳೂರಿನ ಮಿಲಿಟರಿ ಆಸ್ಪತ್ರೆಗೆ ಕರೆತಂದಿದ್ದಾರೆ. ‘ನೋಡಲು ಯಾರೂ ಬರಬೇಡಿ. ಸ್ವಲ್ಪ ಮನುಷ್ಯನಂತೆ ಆದ ಮೇಲೆ ನಾನೇ ಬರುತ್ತೇನೆ. ಒಂದು ತಿಂಗಳು ಹಿಡಿಯಬಹುದು. ಕಾಲುಗಳ ತುಂಬ ಹುಣ್ಣು, ಬಸ್ಸಿನಲ್ಲಾಗಲಿ ಗಾಡಿಯಲ್ಲಾಗಲಿ ಕೂರಲಾರೆ. ನನ್ನ ಕಾರು ಇನ್ನೂ ಇದ್ದರೆ ಮದ್ದೂರು ಸ್ಟೇಷನ್ನಿಗೆ ತರಿಸು, ಅಣ್ಣ’ ಎಂದು ಬರೆದಿದ್ದಾನೆ.

ಅಕ್ಕ ದೇವರ ಮುಂದೆ ತುಪ್ಪದ ದೀಪ ಹಚ್ಚಿದಳು. ಆಮೇಲೆ ಹಿತ್ತಲಿಗೆ ಹೋಗಿ ಬಾವಿಕಟ್ಟೆಯ ಮೇಲೆ ಕುಳಿತು ಅತ್ತಳು.

ನಲವತ್ತೊಂದರಲ್ಲಿ ಅವನು ಮಿಲಿಟರಿ ಡಾಕ್ಟರಾಗಿ ಹಡಗು ಹತ್ತುವ ಮೊದಲು ನಾನು ಆಡಿದ ಮಾತುಗಳನ್ನು ಇಲ್ಲಿ ಬರೆಯಲಾರೆ. ಸಮುದ್ರ ದಾಟಿ ಬಂದವನು ಪ್ರಾಯಶ್ಚಿತ್ತವಾಗದೆ ಅಡಿಗೆಮನೆಯ ಹೊಸಲು ತುಳಿಯಕೂಡದು ಎಂಬುದು ತಾತ್ಪರ್ಯ. ಶಾಸ್ತ್ರ ಶಾಸ್ತ್ರವೇ. ವಿಧಿ ಕೇಳಿ ಮಠಕ್ಕೆ ಬರೆಯಬೇಕು.

ಸಂಜೆ ಕೊಟ್ಟಿಗೆಯ ಬೀಗ ತೆಗೆದೆ. ಕಾರು ನಾಲ್ಕು ಕಲ್ಲುಗಳ ಮೇಲೆ ಹಾಗೆಯೇ ನಿಂತಿದೆ. ಮುಚ್ಚಿದ ಟಾರ್ಪಾಲಿನ ಮೇಲೆ ಕೋಳಿಗಳು ಕೂತು ಹೋದ ಗುರುತು. ಎಂಜಿನ್ನಿನ ಮುಚ್ಚಳ ಎತ್ತಿ, ಒಳಗಿರುವ ಪೆಟ್ರೋಲ್ ತೊಟ್ಟಿಯ ಬಿರಡೆ ತಿರುಗಿಸಿ ಮೂಸಿದೆ. ಪೆಟ್ರೋಲಿನ ವಾಸನೆ ಅಲ್ಲವೇ ಅಲ್ಲ. ಹುಳಿ ಹಿಡಿದ ವಾರ್ನಿಷ್ಷಿನ ವಾಸನೆ. ಪೆಟ್ರೋಲೂ ಕೆಡುತ್ತದೆಯೆ? ಗೊತ್ತಿರಲಿಲ್ಲ.

೩೦ ಅಕ್ಟೋಬರ್, ಮಂಗಳವಾರ

ಕಾರು ರಿಪೇರಿ ಬಲ್ಲವನು ಊರಿನಲ್ಲಿ ಒಬ್ಬನೇ: ಸಿದ್ದರಾಮು. ಮದ್ದೂರಿನ ಬಸ್ಸಿಗೆ ಯುದ್ಧಕಾಲದಲ್ಲಿ ಪೆಟ್ರೋಲ್ ಸಿಗದೆ ಇದ್ದಿಲಿನ ಒಲೆ ಕಟ್ಟಿದರಲ್ಲ, ಆ ಮಸಿಯ ಕೆಲಸಕ್ಕೆ ಯಾರೂ ಬರಲಿಲ್ಲವೆಂದು ಇವನನ್ನು ಹಾಕಿಕೊಂಡರು. ಊರಾಚೆಯ ಕೇರಿಯವನು. ಬೇರೆ ದಾರಿಯಿಲ್ಲ. ಹಿಂದಿನ ಓಣಿಯಿಂದ ಕೊಟ್ಟಿಗೆಗೆ ಬರಲು ಹೇಳಿ ಕಳುಹಿಸಿದೆ.

ಬಂದ. ಮೂವತ್ತರ ವಯಸ್ಸು, ಮಾತಿಗೊಮ್ಮೆ ಕೆಮ್ಮು. ಕಾರನ್ನು ಒಂದು ಸುತ್ತು ಬಂದು ಕೈ ಕಟ್ಟಿ ನಿಂತ.

“ಮುಟ್ಬೋದಾ ಬುದ್ದಿ?”

“ಮುಟ್ಟದೆ ರಿಪೇರಿ ಹೇಗೆ ಮಾಡುತ್ತೀಯೋ?”

“ಅದ್ಕೇ ಕೇಳ್ದೆ. ನಾನ್ ಮುಟ್ಟಿದ್ ಕಾರಲ್ಲಿ ನೀವು ಕುಂತ್ಕತ್ತೀರಾ?”

ಈ ಜನಕ್ಕೆ ಇಷ್ಟು ನೇರವಾಗಿ ಕೇಳುವ ಧೈರ್ಯ ಎಲ್ಲಿಂದ ಬಂತು? ‘ಕಾರು ಡಾಕ್ಟರದ್ದು’ ಎಂದಷ್ಟೇ ಹೇಳಿದೆ. ಅವನ ಮುಖ ಬದಲಾಯಿತು.

“ನಮ್ ಬೆಳ್ಳಮ್ಮಂಗೆ ಜರ ಬಂದಿದ್ದಾಗ ಡಾಕ್ಟ್ರು ನಮ್ಮಟ್ಟಿ ಒಳೀಕ್ ಬಂದು ಚಾಪೆ ಮ್ಯಾಲೆ ಕುಂತ್ಕಂಡು ನೋಡುದ್ರು ಬುದ್ದಿ. ಎಂಡ್ರು ಉಳುದ್ಲು. ಅವ್ರಿಗಾದ್ರೆ ಮಾಡ್ಕೊಡ್ತೀನಿ.”

ಇದನ್ನು ನರಸಿಂಹ ಮನೆಯಲ್ಲಿ ಹೇಳಿರಲಿಲ್ಲ.

ನಾನು ಆರು ಮಾರು ದೂರದಲ್ಲೇ ನಿಂತಿದ್ದೆ. ಆದರೂ ಸಂಜೆ ಸ್ನಾನ ಮಾಡಿ ಜನಿವಾರ ಬದಲಿಸಿದೆ.

೩ ನವೆಂಬರ್, ಶನಿವಾರ

ದೀಪಾವಳಿಯ ರಜೆ. ಸಿದ್ದರಾಮು ತೊಟ್ಟಿಯ ಕೆಳಗಿನ ನಲ್ಲಿ ಬಿಚ್ಚಿ ಹಳೆಯದನ್ನು ಬಾನಿಗೆ ಬಸಿದ. ಬಣ್ಣ ಜೋನಿಬೆಲ್ಲದ್ದು, ಅಂಟೂ ಹಾಗೆಯೇ. ಬಹಳ ಸೋಜಿಗವಾಯಿತು.

“ಮಜ್ಗೆ ಮಡಗುದ್ರೆ ಉಳಿ ಬರಕಿಲ್ವಾ? ಇದೂ ಅಂಗೇಯ ಬುದ್ದಿ. ಅಗುರಾದದ್ದೆಲ್ಲ ಆರೋಯ್ತದೆ, ಅಂಟು ತಳದಲ್ಲಿ ಉಳ್ಕತ್ತದೆ.”

“ಹಾಗಾದರೆ ಹೊಸ ಪೆಟ್ರೋಲ್ ಹೊಯ್ದರೆ ಆಯಿತಲ್ಲ?”

“ಆಯ್ತದಾ? ಈ ಅಂಟು ಕೊಳವೇಲೂ ಅದೆ, ಕಾರ್ಬೋರೇಟರಲ್ಲೂ ಅದೆ. ಒಂದೊಂದೇ ಬಿಚ್ಚಿ ತೊಳೀಬೇಕು.”

ಬಿಚ್ಚುತ್ತಾ ಹೋದಂತೆ ನಾನು ಆರು ಮಾರಿನಿಂದ ಮೂರು ಮಾರಿಗೆ ಬಂದೆ. ದೂರದಿಂದ ಸಣ್ಣ ಸಾಮಾನುಗಳು ಕಾಣುವುದಿಲ್ಲ. ವ್ಯವಸ್ಥೆ ಎಷ್ಟು ಸರಳ! ತೊಟ್ಟಿ ಮೇಲೆ, ಎಂಜಿನ್ನು ಕೆಳಗೆ. ತೊಟ್ಟಿಯಿಂದ ನಲ್ಲಿ, ನಲ್ಲಿಯಿಂದ ಗಾಜಿನ ಬಟ್ಟಲು, ಅಲ್ಲಿ ಕಸ ತಳಕ್ಕಿಳಿಯುತ್ತದೆ. ಬಟ್ಟಲಿನಿಂದ ಹಿತ್ತಾಳೆಯ ಕೊಳವೆ, ಕೊಳವೆಯಿಂದ ಕಾರ್ಬುರೇಟರ್. ಅಲ್ಲಿ ಪೆಟ್ರೋಲು ಗಾಳಿಯೊಡನೆ ಬೆರೆಯುತ್ತದೆ. ದೂಡುವವರಿಲ್ಲ, ಸೆಳೆಯುವವರಿಲ್ಲ. ನಾಲೆಯ ನೀರಿನಂತೆ ತಗ್ಗಿಗೆ ತಾನೇ ಹರಿಯುತ್ತದೆ.

ಸ್ನಾನ ಎರಡು ಸಲ.

೧೧ ನವೆಂಬರ್, ಭಾನುವಾರ

ಕಾರ್ಬುರೇಟರಿನಲ್ಲಿ ಜೆಟ್ ಎಂಬ ಒಂದು ಹಿತ್ತಾಳೆಯ ತುಂಡು. ಅದರ ನಡುವೆ ಒಂದು ತೂತು. ಎಂಜಿನ್ನು ಕುಡಿಯುವ ಪೆಟ್ರೋಲೆಲ್ಲ ಈ ಒಂದು ತೂತಿನಿಂದಲೇ ಹೋಗಬೇಕು. ಇರುವೆ ತಲೆ ತೂರಿಸಲಾರದಷ್ಟು ಸಣ್ಣದು. ಅಂಟು ಕಟ್ಟಿ ಮುಚ್ಚಿಹೋಗಿತ್ತು. ನಾನು ತಂತಿ ತಂದೆ.

“ತಂತಿ ಆಕ್ಬ್ಯಾಡಿ, ತೂತು ದೊಡ್ದಾಯ್ತದೆ. ಆಮ್ಯಾಕೆ ಕುಡ್ದೂ ಕುಡ್ದೂ ಒಗೆ ಬುಡ್ತದೆ” ಎಂದು ಸಿದ್ದರಾಮು ಜಟಕಾ ಕುದುರೆಯ ಬಾಲದ ಕೂದಲು ತಂದ. ನರಸಿಂಹನ ಔಷಧದ ಬೀರುವಿನಲ್ಲಿದ್ದ ಸ್ಪಿರಿಟ್ಟಿನಲ್ಲಿ ಜೆಟ್ಟನ್ನು ಒಂದು ದಿನ ನೆನೆಹಾಕಿದ್ದೆವು. ಕೂದಲು ಆಡಿಸಿದ ಮೇಲೆ ಅವನು ಜೆಟ್ಟನ್ನು ತುಟಿಗಿಟ್ಟು ಊದಿದ. ಸಣ್ಣಗೆ ಸಿಳ್ಳೆ ಬಂತು. ದೀಪಕ್ಕೆ ಹಿಡಿದರೆ ಆಚೆಯ ಬೆಳಕು ಚುಕ್ಕಿಯಾಗಿ ಕಂಡಿತು! ನಾನು ಎಷ್ಟೋ ಹೊತ್ತು ನೋಡುತ್ತಲೇ ಇದ್ದೆ. ಆಮೇಲೆ ಕೊಳವೆಯನ್ನೂ ಬಾಯಿಯಿಂದಲೇ ಊದಿದ. ಊದಿದ ಮೇಲೆ ಕುಕ್ಕರಗಾಲಿನಲ್ಲಿ ಕುಳಿತು ಬಹಳ ಕೆಮ್ಮಿದ.

ಅವನು ಹೋದ ಮೇಲೆ ಮನಸ್ಸು ಕೊರೆಯಿತು. ಪ್ರತಿಯೊಂದಕ್ಕೂ ಅವನ ಎಂಜಲು ತಗಲಿದೆ. ರೋಗದಿಂದ ಎದ್ದು ಬರುವ ನರಸಿಂಹನನ್ನು ಇದರಲ್ಲಿ ಹೇಗೆ ಕೂರಿಸುವುದು? ಮಂತ್ರ ಹೇಳಿ ತುಳಸಿಯ ತೀರ್ಥವನ್ನು ಕೊಳವೆಗೂ ಕಾರ್ಬುರೇಟರಿಗೂ ಪ್ರೋಕ್ಷಿಸಿ, ತೊಟ್ಟಿಯ ಬಾಯಿಗೂ ನಾಲ್ಕು ಉದ್ಧರಣೆ ಹಾಕಿದೆ. ಸಮಾಧಾನವಾಯಿತು.

೧೪ ನವೆಂಬರ್, ಬುಧವಾರ

ತಾಲ್ಲೂಕು ಕಚೇರಿಯಲ್ಲಿ ಅರ್ಜಿ ಹಾಕಿ ಪೆಟ್ರೋಲಿಗೆ ಚೀಟಿ ತಂದಿದ್ದೆ. ಹೊಯ್ದೆವು. ಸಿದ್ದರಾಮು ಬಸ್ಸಿನ ಹಳೆಯ ಬ್ಯಾಟರಿ ತಂದು ಜೋಡಿಸಿ, ಮುಂದಿನ ಹ್ಯಾಂಡಲ್ ತಿರುಗಿಸಿದ. ಎಂಜಿನ್ನು ಎರಡು ಸಲ ಸೀನಿ ಸುಮ್ಮನಾಯಿತು. ಮತ್ತೆ ಸೀನಿತು, ಮತ್ತೆ ಸುಮ್ಮನಾಯಿತು. ಅವನು ಗಾಜಿನ ಬಟ್ಟಲನ್ನು ಬಿಚ್ಚಿ ಬೆಳಕಿಗೆ ಹಿಡಿದ. ಪೆಟ್ರೋಲಿನ ತಳದಲ್ಲಿ ಪಾದರಸದ ಹಾಗೆ ಗುಂಡಗೆ ಏನೋ ಉರುಳಾಡುತ್ತಿತ್ತು.

“ನೀರು” ಎಂದ. “ನೀರು ಭಾರ ಕಣ್ ಬುದ್ದಿ, ತಳಕ್ಕೆ ಇಳ್ದು ಜೆಟ್ಗೆ ಓಗಿ ಕುಂತ್ಕತ್ತದೆ. ಮೊನ್ನೆ ಒಣಗ್ಸೇ ಮಡಗಿದ್ದೆ. ಎಲ್ಲಿಂದ ಬಂತು?”

ಗಾಳಿಯ ತೇವ ಇರಬಹುದು ಎಂದೆ.

ಅವನು ಬಟ್ಟಲೊಳಗೆ ಇನ್ನೊಮ್ಮೆ ನೋಡಿ, ಬೆರಳಿನಿಂದ ಏನನ್ನೋ ತೆಗೆದು ಒರೆಸಿಕೊಂಡ. ಎಲ್ಲವನ್ನೂ ಪುನಃ ಬಿಚ್ಚಿದ. ಮೂರು ದಿನದ ಕೆಲಸ ಹಾಳು. ಕೊಳವೆಯನ್ನು ಪುನಃ ಊದಿದ, ಪುನಃ ಕೆಮ್ಮಿದ.

೧೭ ನವೆಂಬರ್, ಶನಿವಾರ

ಹೇಳಿಬಿಟ್ಟೆ. ಅವನು ನಲ್ಲಿಯ ತಿರುಪು ಬಿಗಿಯುತ್ತಿದ್ದ. ಹಿಡಿದುಕೊಳ್ಳಲು ಇನ್ನೊಂದು ಕೈ ಬೇಕಿತ್ತು, ನಾನು ಹಿಡಿದಿದ್ದೆ.

“ಸಿದ್ದರಾಮು, ಆ ನೀರು ನಾನು ಹಾಕಿದ್ದು.”

“ಗೊತ್ತು ಬುದ್ದಿ.”

“ಹೇಗೆ ಗೊತ್ತು?”

“ಬಟ್ಲಲ್ಲಿ ತುಳ್ಸಿ ಎಲೆ ಇತ್ತಲ್ಲ.”

ನನಗೆ ಭೂಮಿ ಬಾಯಿಬಿಡಬಾರದೇ ಎನಿಸಿತು. ಅವನು ತಿರುಪು ಬಿಗಿಯುವುದನ್ನು ನಿಲ್ಲಿಸಲಿಲ್ಲ.

“ಬಸ್ಸಲ್ಲೂ ಅಂಗೇಯ. ನಾನು ಒಲೆ ಉರಿಯಾಕಿ ಬಸ್ಸು ಓಡುಸ್ತೀನಿ, ನನ್ನ ಇಂದುಗಡೆ ಏಣಿ ಮ್ಯಾಲೆ ನಿಲ್ಸುತ್ತಾರೆ. ನೀವು ಮಂತ್ರ ಆದ್ರೂ ಏಳುದ್ರಿ.” ತಿರುಪಿಗೆ ಕೊನೆಯ ಸುತ್ತು ಕೊಟ್ಟು, “ಮುಂದಕ್ಕೆ ಆಕಾದಿದ್ರೆ ಪೆಟ್ರೋಲ್ನೇ ಆಕಿ. ಅದು ಉರಿಯಾದ್ರೂ ಉರೀತದೆ” ಎಂದ.

ಅವನು ನಗುತ್ತಿದ್ದನೋ ಇಲ್ಲವೋ ತಿಳಿಯಲಿಲ್ಲ. ನನಗೆ ನಗು ಬಂತು.

೨೦ ನವೆಂಬರ್, ಮಂಗಳವಾರ

ಎಂಜಿನ್ನು ಹತ್ತಿತು!

ಓಣಿಯ ಜನವೆಲ್ಲ ಬಂದರು. ಅಕ್ಕ ಹಿತ್ತಲ ಬಾಗಿಲಿನಿಂದ ಇಣುಕಿದಳು. ಆದರೆ ಹನ್ನೆರಡು ನಿಮಿಷ ಓಡಿ ನಿಂತುಹೋಯಿತು. ಏನಾಯಿತೆಂದು ಸಿದ್ದರಾಮು ಬಿರಡೆ ತೆಗೆದು ತೊಟ್ಟಿಯೊಳಗೆ ನೋಡಿದ. ಪೆಟ್ರೋಲ್ ಬೇಕಾದಷ್ಟಿದೆ. ಮತ್ತೆ ತಿರುಗಿಸಿದರೆ ಹತ್ತಿತು. ಮತ್ತೆ ಹನ್ನೆರಡು ನಿಮಿಷ. ಗಡಿಯಾರ ಹಿಡಿದು ನೋಡಿದೆ. ನಾಲ್ಕು ಸಲವೂ ಹೀಗೆಯೇ.

ನರಸಿಂಹನ ಕಾಗದವೂ ಬಂದಿದೆ. ಸೆರೆಯಲ್ಲಿ ಎಂಟು ಜನಕ್ಕೆ ಒಂದೇ ತಗಡಿನ ಡಬ್ಬಿಯಲ್ಲಿ ಅನ್ನ ಕೊಡುತ್ತಿದ್ದರಂತೆ. ‘ಮೊದಲ ತಿಂಗಳು ಎಲ್ಲರದೂ ಆಗಲೆಂದು ಕಾಯುತ್ತಿದ್ದೆ, ಆಮೇಲೆ ಜೊತೆಗೇ ಕೈ ಹಾಕಿದೆ. ಆ ಎಂಟರಲ್ಲಿ ಮೂವರು ಉಳಿದಿದ್ದೇವೆ.’

ಅಕ್ಕನಿಗೆ ಈ ಸಾಲುಗಳನ್ನು ಓದಲಿಲ್ಲ. ಹನ್ನೆರಡೇ ನಿಮಿಷ ಯಾಕೆ?

೨೧ ನವೆಂಬರ್

ಹನ್ನೆರಡು ನಿಮಿಷ. ಬಟ್ಟಲು ಶುಚಿ, ಜೆಟ್ ಶುಚಿ, ಕೊಳವೆ ಶುಚಿ.

೨೩ ನವೆಂಬರ್, ಶುಕ್ರವಾರ

ತರಗತಿಯಲ್ಲಿ ಶಬ್ದರೂಪ ಹೇಳಿಸುತ್ತಿದ್ದೆ, ತಲೆಯೊಳಗೆ ಕಾರು. ಮನೆಗೆ ಬಂದರೆ ಅಕ್ಕ ತೆಂಗಿನಕಾಯಿಯನ್ನು ಒಡೆಯದೆ ನೀರು ತೆಗೆದುಕೊಡು ಎಂದಳು. ಒಂದು ಕಣ್ಣು ಚುಚ್ಚಿ ಲೋಟಕ್ಕೆ ಬಗ್ಗಿಸಿದೆ. ಎರಡು ಹನಿ ಬಿದ್ದು ನಿಂತಿತು. ಕುಲುಕಿದೆ.

“ಅದೇನೋ ಪೆಚ್ಚನ ಹಾಗೆ ಕುಲುಕುತ್ತೀಯ? ಒಂದು ಕಣ್ಣಿಂದ ನೀರು ಬರುತ್ತೇನೋ? ಇನ್ನೊಂದು ಚುಚ್ಚು, ಗಾಳಿ ಒಳಗೆ ಹೋಗಲಿ” ಎಂದಳು ಅಕ್ಕ.

ಕಾಯನ್ನು ಅಲ್ಲೇ ಬಿಟ್ಟು ಓಡಿದೆ. ಹೋಗುತ್ತಾ ನೆನಪಾಯಿತು: ಪ್ರತಿ ಸಲವೂ ಎಂಜಿನ್ನು ನಿಂತಾಗ ಸಿದ್ದರಾಮು ಬಿರಡೆ ತೆಗೆದು ನೋಡುತ್ತಿದ್ದ, ಆಮೇಲೆಯೇ ಅದು ಹತ್ತುತ್ತಿತ್ತು. ಅವನು ನೋಡುತ್ತಿದ್ದುದು ಪೆಟ್ರೋಲನ್ನು. ಒಳಗೆ ಹೋಗುತ್ತಿದ್ದುದು ಗಾಳಿ!

ಬಿರಡೆಯನ್ನು ತಿರುಗಿಸಿ ತಿರುಗಿಸಿ ನೋಡಿದೆ. ನಡುವೆ ಒಂದು ಸಣ್ಣ ತೂತು ಇರಬೇಕಾದ ಕಡೆ ಗಟ್ಟಿ ಮಣ್ಣು. ಕಣಜದ ಹುಳು ಗೂಡು ಕಟ್ಟಿ ಹೋಗಿದೆ. ಕೇರಿಗೆ ಆಳು ಕಳುಹಿಸುವಷ್ಟು ತಾಳ್ಮೆ ಇರಲಿಲ್ಲ. ನಾನೇ ಹೋಗಿ ಕೇರಿಯ ತುದಿಯಲ್ಲಿ ನಿಂತು ಕೂಗಿದೆ. ಸಿದ್ದರಾಮು ಬಂದು ಬಿರಡೆ ನೋಡಿದ. ನನ್ನ ಮುಖ ನೋಡಿದ.

“ನಾಕು ವರ್ಸ ಬಸ್ಸಲ್ ಸತ್ತೆ, ನಂಗ್ ಒಳೀಲಿಲ್ವಲ್ಲ! ಬುದ್ದೀರು ಬುದ್ದೀರೇ!”

ಕಾರು ಒಂದು ಗಂಟೆ ಓಡಿತು. ಪರೀಕ್ಷೆಯಲ್ಲಿ ಪದಕ ಬಂದಾಗಲೂ ನನಗೆ ಇಷ್ಟು ಸಂತೋಷವಾಗಿರಲಿಲ್ಲ.

೨೫ ನವೆಂಬರ್, ಭಾನುವಾರ

ಅಟ್ಟದಿಂದ ಚಕ್ರಗಳನ್ನಿಳಿಸಿ ಹಾಕಿ ಕಾಳಮುದ್ದನದೊಡ್ಡಿಯವರೆಗೆ ಹೋಗಿ ಬಂದೆವು. ಸಿದ್ದರಾಮು ನಡೆಸಿದ. ನಾನು ಪಕ್ಕದಲ್ಲಿ ಕುಳಿತೆ. ಹಿಂದೆ ಕೂತರೆ ಎಂಜಿನ್ನಿನ ಸದ್ದು ಸರಿಯಾಗಿ ಕೇಳಿಸುವುದಿಲ್ಲ. ಏರಿನಲ್ಲಿ ಒಂದು ಸಲ ಮುಗ್ಗರಿಸಿತು. ತೊಟ್ಟಿಯ ತುಕ್ಕು ಕುಲುಕಾಟಕ್ಕೆ ಉದುರುತ್ತಿರಬೇಕೆಂದು ಅವನ ಊಹೆ. ನನ್ನ ಊಹೆಯೂ ಅದೇ.

“ಸ್ನಾನ ಆಯಿತೇನೋ?” ಎಂದು ಅಕ್ಕ ಕೇಳಿದಾಗ ಎಲೆಯ ಮುಂದೆ ಕುಳಿತಿದ್ದೆ. ಎದ್ದು ಹೋದೆ. ಅನ್ನ ಆರಿಹೋಯಿತು.

೧ ಡಿಸೆಂಬರ್, ಶನಿವಾರ

ನರಸಿಂಹನ ತಂತಿ ಬಂದಿದೆ. ನಾಳೆ ಬೆಳಗಿನ ರೈಲಿಗೆ.

ಮಠದಿಂದ ಉತ್ತರ ಬಂತೇ ಎಂದು ಅಕ್ಕ ಕೇಳಿದಳು. ಬರೆಯುವುದೇ ಮರೆತುಹೋಗಿತ್ತು. ಕಾರಿನ ಗಡಿಬಿಡಿ.

“ಹಾಗಾದರೆ ಅವನಿಗೆ ಎಲ್ಲಿ ಬಡಿಸಲಿ?” ಎಂದಳು. ನಾನು ದೀಪ ಹಿಡಿದು ಕೊಟ್ಟಿಗೆಗೆ ಹೋದೆ.

೨ ಡಿಸೆಂಬರ್, ಭಾನುವಾರ

ಇವತ್ತಿನದನ್ನು ಇವತ್ತೇ ಬರೆದಿಡಬೇಕು.

ಮದ್ದೂರಿಗೆ ಹೋಗುವಾಗ ಕಾರು ಒಮ್ಮೆಯೂ ನಿಲ್ಲಲಿಲ್ಲ. ರೈಲು ಬಂತು. ನಾನು ನರಸಿಂಹನನ್ನು ಹುಡುಕುತ್ತಲೇ ಇದ್ದೆ, ಅವನು ನನ್ನ ಮುಂದೆಯೇ ನಿಂತಿದ್ದ. ಮೂವತ್ತಾರು ವರ್ಷದವನಿಗೆ ತಲೆಯೆಲ್ಲ ನರೆತಿದೆ. ಎರಡು ಕೋಲು. ನಮಸ್ಕಾರಕ್ಕೆ ಬಗ್ಗಲು ಹೋದ, ಹಿಡಿದುಕೊಂಡೆ. ಏನೂ ತೂಕವಿಲ್ಲ. ಸಿದ್ದರಾಮು ದೂರ ನಿಂತಿದ್ದ. ನರಸಿಂಹನೇ ಕರೆದ: “ಬೆಳ್ಳಮ್ಮ ಹೇಗಿದ್ದಾಳಯ್ಯ?”

ಹಿಂದಿನ ಸೀಟಿನಲ್ಲಿ ದಿಂಬು ಹಾಕಿ ಮಲಗಿಸಿದೆವು. ದಾರಿಯುದ್ದಕ್ಕೂ ಅವನು ಕಣ್ಣು ಮುಚ್ಚಿಕೊಂಡೇ ಇದ್ದ. ಕಾಳಮುದ್ದನದೊಡ್ಡಿ ದಾಟಿ ಒಂದು ಮೈಲಿ ಬಂದಿರಬಹುದು. ಎಂಜಿನ್ನು ಮುಗ್ಗರಿಸಿತು, ಕೆಮ್ಮಿತು, ನಿಂತಿತು. ಸುತ್ತ ಕಬ್ಬಿನ ಗದ್ದೆ. ಹಿಂದಿನಿಂದ ಮಂಡ್ಯದ ಕಾರ್ಖಾನೆಗೆ ಕಬ್ಬು ಇಳಿಸಿ ಬರುತ್ತಿದ್ದ ಖಾಲಿ ಗಾಡಿಗಳ ಸಾಲು.

ಬಟ್ಟಲು ನೋಡಿದೆವು. ಬರಿದು. ತೊಟ್ಟಿಯಲ್ಲಿ ಪೆಟ್ರೋಲ್ ಇದೆ, ಬಟ್ಟಲಿಗೆ ಇಳಿಯುತ್ತಿಲ್ಲ. ನಲ್ಲಿಯ ಬಾಯಿಗೆ ತುಕ್ಕಿನ ಹಕ್ಕಳೆ ಕೂತಿದೆ. ಕೆಳಗಿನ ತುದಿಯಿಂದ ಊದಿ ಅದನ್ನು ಮೇಲಕ್ಕೆ ತಳ್ಳಬೇಕು. ಸಿದ್ದರಾಮು ಕೊಳವೆಯ ತುದಿ ಬಿಚ್ಚಿ ಊದಿದ. ಅರ್ಧಕ್ಕೇ ಕೆಮ್ಮು ಬಂತು. ಮತ್ತೆ ಊದಿದ. ಈ ಸಲ ಕೆಮ್ಮು ನಿಲ್ಲಲೇ ಇಲ್ಲ. ಮಡ್‌ಗಾರ್ಡು ಹಿಡಿದು ಬಗ್ಗಿಬಿಟ್ಟ. ಕಣ್ಣಿನಲ್ಲಿ ನೀರು, ತುಟಿ ನೀಲಿ.

“ಉಸ್ರು ಸಾಲ್ದು ಬುದ್ದಿ” ಎಂದ.

ಬಿಸಿಲು ಏರುತ್ತಿತ್ತು. ನರಸಿಂಹನ ಕಾಲಿನ ಪಟ್ಟಿ ಒದ್ದೆಯಾಗಿದ್ದುದು ಕಂಡಿತು. ಸಿದ್ದರಾಮುವಿನ ಕೈಯಿಂದ ಕೊಳವೆ ತೆಗೆದುಕೊಂಡು ಊದಿದೆ. ಮೊದಲ ಸಲ ಏನೂ ಆಗಲಿಲ್ಲ. ಪ್ರಾಣಾಯಾಮದ ಹಾಗೆ ಎದೆ ತುಂಬ ಎಳೆದುಕೊಂಡು ಮತ್ತೆ ಊದಿದೆ. ತೊಟ್ಟಿಯೊಳಗೆ ‘ಗುಳುಕ್’ ಎಂದಿತು! ತಕ್ಷಣ ಬಾಯಿ ತುಂಬ ಪೆಟ್ರೋಲು. ಮೂಗಿಗೂ ಹೋಯಿತು.

ಗಾಡಿಯವನೊಬ್ಬ ಎತ್ತು ನಿಲ್ಲಿಸಿ ಹಿಂದಿನವನಿಗೆ ಕೂಗಿದ: “ಲೇ, ಬಾ ಇಲ್ಲಿ ನೋಡ್ಲಾ, ಐನೋರು ಕಾರ್ಗೆ ಸಂಕ ಊದ್ತಾವ್ರೆ!”

ಹಿಂದಿನಿಂದ ಒಂದು ಸದ್ದು ಬಂತು. ತಿರುಗಿ ನೋಡಿದರೆ ನರಸಿಂಹ ಎದ್ದು ಕುಳಿತಿದ್ದಾನೆ, ನಗುತ್ತಿದ್ದಾನೆ. ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದವನು ಹಾಗೆಯೇ ಅಳತೊಡಗಿದ. ನೋವೇನೋ ಎಂದು ಹೆದರಿ ಓಡಿದೆ.

“ಅಣ್ಣ, ಅಲ್ಲಿ ಸಾಯುವುದಕ್ಕೆ ನನಗೆ ಭಯವಾಗಲಿಲ್ಲ. ಮನೆಗೆ ಬರುವುದಕ್ಕೆ ಭಯವಾಗುತ್ತಿತ್ತು. ಬೆಂಗಳೂರಿನಲ್ಲಿ ಹತ್ತು ದಿನ ಸುಮ್ಮಸುಮ್ಮನೆ ಉಳಿದೆ” ಎಂದ.

ಯಾಕೆ ಭಯ ಎಂದು ಕೇಳಬೇಕೆಂದಿದ್ದೆ. ಬಾಯಿ ಉರಿಯುತ್ತಿತ್ತು. ಉಗಿದು, ಸಿದ್ದರಾಮುವಿನ ಶೀಷೆಯಲ್ಲಿದ್ದ ನೀರಿನಿಂದ ಮುಕ್ಕಳಿಸಿ ಬರುವಷ್ಟರಲ್ಲಿ ಎಂಜಿನ್ನು ಹತ್ತಿತ್ತು.

ಅಕ್ಕ ಆರತಿ ಎತ್ತಿದಳು. ನರಸಿಂಹನಿಗೆ ನಡುಮನೆಯಲ್ಲಿ ಎಲೆ ಹಾಕಿದಳು, ನನಗೆ ಒಳಗೆ. ನನ್ನ ಎಲೆಯನ್ನು ಎತ್ತಿಕೊಂಡು ಬಂದು ಅವನ ಪಕ್ಕದಲ್ಲಿ ಕುಳಿತೆ. ಎಷ್ಟೋ ವರ್ಷದ ಮೇಲೆ ಬಂದಿದ್ದಾನೆ, ಒಬ್ಬನೇ ಹೇಗೆ ಉಂಡಾನು? ಅಕ್ಕ ಮುಖ ಗಂಟು ಹಾಕಿಕೊಂಡು ಬಡಿಸಿದಳು.

೫ ಡಿಸೆಂಬರ್, ಬುಧವಾರ

ಸಿದ್ದರಾಮುವಿನ ಕೆಮ್ಮು ತನಗೆ ಹಿಡಿಸಲಿಲ್ಲ, ಎದೆ ಪರೀಕ್ಷೆ ಮಾಡಬೇಕು ಎಂದು ನರಸಿಂಹ ಎರಡು ದಿನದಿಂದ ಹೇಳುತ್ತಿದ್ದ. ಮನೆಗೆ ಕರೆಸೋಣ ಎಂದರೆ ಅಕ್ಕನ ಮುಖ ಇನ್ನೂ ಗಂಟಾಗಿದೆ. ನರಸಿಂಹನನ್ನು ಕಾರಿನಲ್ಲಿ ಕೂರಿಸಿಕೊಂಡು ನಾನೂ ಸಿದ್ದರಾಮುವೂ ಕೇರಿಗೇ ಹೋದೆವು. ಕೋಲು ಊರಲು ಜಾಗ ಸಾಲದೆಂದು ಅವನನ್ನು ಹಿಡಿದುಕೊಂಡು ಒಳಗೆ ನಾನೂ ಹೋಗಬೇಕಾಯಿತು. ಬಾಗಿಲು ಗಿಡ್ಡ, ಹಣೆಗೆ ಹೊಡೆಯಿತು.

ನರಸಿಂಹ ಸಿದ್ದರಾಮುವಿನ ಎದೆಗೆ ನಳಿಗೆ ಹಚ್ಚಿ ಬಹಳ ಹೊತ್ತು ಕೇಳಿದ. ಇದ್ದಿಲ ಹೊಗೆ ಎದೆಗೆ ಇಳಿದಿದೆ, ಆ ಬಸ್ಸಿನ ಕೆಲಸ ಇವತ್ತೇ ಬಿಡಬೇಕು, ಸಂಕ್ರಾಂತಿಯ ಹೊತ್ತಿಗೆ ದವಾಖಾನೆ ತೆರೆದರೆ ಕಾರು ನಡೆಸಲು ತನಗೊಬ್ಬ ಬೇಕೇ ಬೇಕು ಎಂದ. ಸಿದ್ದರಾಮು ಒಪ್ಪಿಕೊಂಡ. ಆದರೆ ತೊಟ್ಟಿಯನ್ನು ಪೂರ್ತಿ ಇಳಿಸಿ, ಜಲ್ಲಿಕಲ್ಲು ಹಾಕಿ ಕುಲುಕಿ ತುಕ್ಕು ತೆಗೆಯದೆ ದೂರ ಹೋಗಕೂಡದು ಎಂದ. ಜಲ್ಲಿಗಿಂತ ಹೊಳೆಯ ಸಣ್ಣ ಬೆಣಚುಕಲ್ಲು ಮೇಲು ಎಂದು ನನ್ನ ವಾದ. ಅದರ ಮೇಲೆ ಅರ್ಧ ಗಂಟೆ ಚರ್ಚೆಯಾಯಿತು. ಭಾನುವಾರ ಎರಡನ್ನೂ ಪ್ರಯೋಗ ಮಾಡಿ ನೋಡುವುದು.

ಬೆಳ್ಳಮ್ಮ ಮೂಲೆಯಲ್ಲಿ ನಿಂತು ಕೇಳುತ್ತಿದ್ದಳು. ಆಮೇಲೆ ಮೂರು ಲೋಟ ಕಾಫಿ ತಂದಿಟ್ಟಳು. ಬೆಲ್ಲ ಸ್ವಲ್ಪ ಹೆಚ್ಚಾಗಿತ್ತು.